ಆ ಕೂಸು ಯಾವ ವಾರ್ಡಿನದು?

ಸೋಮವಾರ ಮತ್ತು ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಸುಗ್ಗಿಯಲ್ಲಿ ಆ ಎರಡು ದಿನ ಬಾಗಿಲು ಮುಚ್ಚಿಕೊಂಡರೂ ಘಾಟು ಮನೆಯೊಳಗೆ ಬರುತ್ತದೆ. 2013ರಲ್ಲಿ ಪುರಸಭೆಗೆ ಆರಿಸಿ ಬಂದ ನಾನು ಮುಂದೆ ಜಿಲ್ಲಾ ಯೋಜನಾ ಸಮಿತಿಗೂ ಸದಸ್ಯೆಯಾದೆ. ಅದರ ಸಭೆಯ ಹಿಂದಿನ ದಿನ, ಒಂದು ಗುರುವಾರ, ತೊಟ್ಟು ಬಿಡಿಸುವ ಹೆಂಗಸರ ನಡುವೆ ಕುಳಿತಿದ್ದೆ.

ತೊಟ್ಟು ಮುರಿಯಬೇಕು, ಕಾಯಿ ಒಡೆಯಬಾರದು. ದಿನವಿಡೀ ಅದೇ ಕೆಲಸ. ಪಕ್ಕದಲ್ಲಿ ಒಬ್ಬಳ ಕೂಸು ಖಾಲಿ ಚೀಲದ ಮೇಲೆ ಮಲಗಿ ಕೆಮ್ಮುತ್ತಿತ್ತು. ಖಾರ ಹತ್ತಿದ ಕೈಯಿಂದ ಅದನ್ನು ಮುಟ್ಟುವಂತಿರಲಿಲ್ಲ. ತಾಯಿ ಮೊಣಕೈಯಿಂದಲೇ ಮೆಲ್ಲಗೆ ತಟ್ಟಿದಳು.

"ನಮಗೂ ನೀನೇ ಮೆಂಬರಾ, ತಂಗಿ? ನಾವು ಹಳ್ಳಿಯವರು" ಎಂದು ಅಜ್ಜಿಯೊಬ್ಬರು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅವರ ಮತ ಗ್ರಾಮ ಪಂಚಾಯಿತಿಗೆ, ದುಡಿಮೆ ಪಟ್ಟಣದಲ್ಲಿ. ಮಾರುಕಟ್ಟೆಯ ಆಡಳಿತವೋ ಎಪಿಎಂಸಿಯದು, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯದು.

ಮರುದಿನ ಸಭೆಗೆಂದು ಹಾವೇರಿ ಬಳಿಯ ದೇವಗಿರಿಯ ಜಿಲ್ಲಾಡಳಿತ ಭವನಕ್ಕೆ ಹೋಗುವಾಗ ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತಿದ್ದೆ. ಸಂವಿಧಾನದ 74ನೇ ತಿದ್ದುಪಡಿ ಜಿಲ್ಲಾ ಯೋಜನಾ ಸಮಿತಿಯನ್ನು ತಂದದ್ದೇ ಇಂಥ ಪ್ರಶ್ನೆಗಳಿಗಾಗಿ. ಪಂಚಾಯಿತಿಗಳ ಯೋಜನೆಗಳನ್ನೂ ಪಟ್ಟಣಗಳ ಯೋಜನೆಗಳನ್ನೂ ಕೂಡಿಸಿ ಇಡೀ ಜಿಲ್ಲೆಗೆ ಒಂದು ಕರಡು ಮಾಡುವುದು ಅದರ ಕೆಲಸ. ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರೇ ಆಗಿರಬೇಕು. ಹಳ್ಳಿಯ ಪ್ರತಿನಿಧಿ ಮತ್ತು ಪೇಟೆಯ ಪ್ರತಿನಿಧಿ ಒಂದೇ ಮೇಜಿಗೆ ಕೂರುವ ಜಾಗ ಅದು. ಚರಂಡಿ, ಬೀದಿದೀಪಗಳ ಪಟ್ಟಿ ಒಪ್ಪಿಸಿ ಬರುವುದಷ್ಟೇ ನನ್ನ ಪಾತ್ರ ಎಂದುಕೊಂಡಿದ್ದೆ. ಅಂದು ಆ ಪಟ್ಟಿಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ನನ್ನ ಸರದಿ ಬಂದಾಗ ಕೂಸಿನ ವಿಷಯ ಹೇಳಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಈ ಪ್ರದೇಶದ ವಿಶಿಷ್ಟ ಬೆಳೆ ಎಂಬ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿದೆ, ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಮಾಲು ಬರುತ್ತದೆ, ಅದರ ಬಣ್ಣ ತೆಗೆದು ಹೊರದೇಶಕ್ಕೆ ಕಳುಹಿಸುತ್ತಾರೆ. ಇಷ್ಟು ದೊಡ್ಡ ವ್ಯಾಪಾರ ಈ ಹೆಂಗಸರ ಬೆರಳುಗಳ ಮೇಲೆ ನಿಂತಿದೆ. ಅವರ ಮಕ್ಕಳಿಗೆ ಘಾಟಿಲ್ಲದ ಒಂದು ಕೋಣೆ ಬೇಕು ಎಂದೆ. ಹೇಳುತ್ತಾ ಹೇಳುತ್ತಾ ಗಂಟಲು ಕಟ್ಟಿತು.

ಎದುರು ಪಕ್ಷದ ಜಿಲ್ಲಾ ಪಂಚಾಯಿತಿ ಸದಸ್ಯರೊಬ್ಬರು ಎದ್ದು, "ಅವರು ನಮ್ಮೂರಿನ ಹೆಣ್ಣುಮಕ್ಕಳು. ಇದನ್ನು ಬರೆದುಕೊಳ್ಳಿ" ಎಂದರು. ಅವರನ್ನು ನೆನೆದಾಗಲೆಲ್ಲ ಈಗ ಸಂಕಟವಾಗುತ್ತದೆ. 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಳ್ಳಿಯ ಪರ ಹಾಗೆ ಎದ್ದು ನಿಲ್ಲುವವರು ಇಲ್ಲದ ಮೇಲೆ ಅದು ಎಂಥ ಜಿಲ್ಲಾ ಯೋಜನೆ?

ಅಧಿಕಾರಿಗಳು ಕೇಳಿದ್ದು ಒಂದೇ ಪ್ರಶ್ನೆ: "ಮಕ್ಕಳು ಎಷ್ಟು ಜನ, ಮೇಡಂ?" ನ್ಯಾಯವಾದ ಪ್ರಶ್ನೆ. ಲೆಕ್ಕವಿಲ್ಲದೆ ಯಾವ ಯೋಜನೆಯೂ ಆಗುವುದಿಲ್ಲ.

ಸೋಮವಾರ ಬೆಳಿಗ್ಗೆ ನೋಟುಪುಸ್ತಕ ಹಿಡಿದು ಮತ್ತೆ ಹೋದೆ. ಮಗುವಿನ ಹೆಸರು, ವಯಸ್ಸು, ಊರು ಎಂದು ಮೂರು ಗೆರೆ ಎಳೆದುಕೊಂಡಿದ್ದೆ. ಅದೇ ಅಜ್ಜಿ ಕೈ ಒರೆಸಿಕೊಂಡು ಪುಸ್ತಕ ಹಿಡಿದು ನೋಡಿದರು. ಮೊದಲ ಪುಟದ ಅಂಚಿನಲ್ಲಿ ಅವರ ಹೆಬ್ಬೆರಳಿನ ಗುರುತು ಕೆಂಪಗೆ ಉಳಿಯಿತು.