ಬೀದಿಗೆ ತೆರೆದ ಮೆರುಗು, ಗೋಡೆಯೊಳಗಿನ ಮೆರುಗು

14 ಮಾರ್ಚ್ 2026, ಶನಿವಾರ

ನಾಳೆ ಲಾಸ್ ಏಂಜಲೀಸಿನ ಡಾಲ್ಬಿ ಥಿಯೇಟರಿನಲ್ಲಿ 98ನೇ ಆಸ್ಕರ್ ಸಮಾರಂಭ. ಮೇ 4ರ ಸೋಮವಾರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಮೆಟ್ಟಿಲ ಮೇಲೆ ಫ್ಯಾಷನ್ ಲೋಕದ ದೊಡ್ಡ ಸಮಾರಂಭ ಮೆಟ್ ಗಾಲಾ. ಟಿವಿಯಲ್ಲಿ ನೋಡುವವರಿಗೆ ಎರಡೂ ಒಂದೇ ಬಗೆಯ ಸಡಗರ. ಮಾಮೂಲಿ ದಿನವೊಂದರಲ್ಲಿ ಆ ಎರಡು ಜಾಗಗಳ ಮುಂದೆ ನಿಂತರೆ ಊರುಗಳ ಸ್ವಭಾವ ಬೇರೆ ಬೇರೆ ಎಂಬುದು ಗೊತ್ತಾಗುತ್ತದೆ. ಮೆಟ್ ಮ್ಯೂಸಿಯಂನ ಮೆಟ್ಟಿಲು ನೇರ ಫಿಫ್ತ್ ಅವೆನ್ಯೂಗೆ ಇಳಿಯುತ್ತದೆ. ತಾರೆಯರು ಹತ್ತಿದ ಅದೇ ಮೆಟ್ಟಿಲ ಮೇಲೆ ಯಾರು ಬೇಕಾದರೂ ಕೂತು ಬುತ್ತಿ ಬಿಚ್ಚಬಹುದು. ಡಾಲ್ಬಿ ಥಿಯೇಟರ್ ಇರುವುದು ಶಾಪಿಂಗ್ ಮಾಲ್ ಒಂದರೊಳಗೆ. ಆಸ್ಕರಿನ ಕೆಂಪು ಹಾಸು ಸುತ್ತಿಟ್ಟ ಮೇಲೆ ಅಲ್ಲಿ ಉಳಿಯುವುದು ಅಂಗಡಿಗಳು ಮತ್ತು ಶ್ರೇಷ್ಠ ಚಿತ್ರಗಳ ಹೆಸರುಗಳನ್ನು ವರ್ಷವಾರು ಬರೆದ ಕಂಬಗಳು. ಸಮಾರಂಭದ ದಿನ ಹೋಗುವ ಯೋಚನೆಯಿದ್ದರೆ ಬಿಟ್ಟುಬಿಡಿ. ಸುತ್ತಲಿನ ರಸ್ತೆಗಳೆಲ್ಲ ಬಂದ್ ಆಗಿರುತ್ತವೆ, ಹಾಲಿವುಡ್/ಹೈಲ್ಯಾಂಡ್ ನಿಲ್ದಾಣದಲ್ಲಿ ಆ ದಿನ ಮೆಟ್ರೋ ರೈಲು ನಿಲ್ಲಿಸದಿರುವುದು ರೂಢಿ.

ಲಾಸ್ ಏಂಜಲೀಸಿಗೆ ಹೋದವರಲ್ಲಿ ಬಹಳ ಮಂದಿ ಸಪ್ಪೆ ಮುಖ ಮಾಡಿಕೊಂಡು ಬರುವುದಕ್ಕೆ ಕಾರಣ ಇಲ್ಲೇ ಇದೆ. ನ್ಯೂಯಾರ್ಕಿನ ಮೆರುಗು ಬೀದಿಯಲ್ಲಿದೆ, ನಡೆದವರ ಕಣ್ಣಿಗೆ ಬೀಳುತ್ತದೆ. ಲಾಸ್ ಏಂಜಲೀಸಿನದು ಒಂದು ಕಸುಬಿನ ಮೆರುಗು. ಕಸುಬು ನಡೆಯುವುದು ಕಾಂಪೌಂಡಿನ ಒಳಗೆ. ಮುಂಗಡ ಟಿಕೆಟ್ ಇಲ್ಲದೆ ಹೋದವರಿಗೆ ಕಾಣುವುದು ಗೋಡೆ ಮಾತ್ರ.

ಮೊದಲ ತಪ್ಪು ಹಾಲಿವುಡ್ ಎಂಬ ಹೆಸರನ್ನು ನಂಬುವುದು. ದೊಡ್ಡ ಸ್ಟುಡಿಯೊಗಳಲ್ಲಿ ಇವತ್ತಿಗೂ ಹಾಲಿವುಡ್ ಬಡಾವಣೆಯಲ್ಲೇ ಉಳಿದಿರುವುದು ಪ್ಯಾರಾಮೌಂಟ್ ಒಂದೇ, ಮೆಲ್ರೋಸ್ ಅವೆನ್ಯೂದಲ್ಲಿ. ವಾರ್ನರ್ ಮತ್ತು ಡಿಸ್ನಿ ಬೆಟ್ಟದಾಚೆ ಬರ್ಬ್ಯಾಂಕಿನಲ್ಲಿವೆ, ಸೋನಿ ಕಲ್ವರ್ ಸಿಟಿಯಲ್ಲಿ, ಯೂನಿವರ್ಸಲ್ ತನ್ನದೇ ಯೂನಿವರ್ಸಲ್ ಸಿಟಿಯಲ್ಲಿ. ಕೆಲಸ ನೋಡಬೇಕೆಂದಿದ್ದರೆ ಪ್ಯಾರಾಮೌಂಟ್ ಅಥವಾ ವಾರ್ನರ್ ಸ್ಟುಡಿಯೊ ಟೂರ್ ಆರಿಸಿಕೊಳ್ಳಿ. ಯೂನಿವರ್ಸಲ್ ಮುಖ್ಯವಾಗಿ ಥೀಮ್ ಪಾರ್ಕ್. ವಾರದ ನಡುವಿನ ದಿನವೇ ಆಗಲಿ. ಶನಿವಾರ, ಭಾನುವಾರ ಶೂಟಿಂಗ್ ಕಡಿಮೆ, ಖಾಲಿ ಸೆಟ್ಟುಗಳ ನಡುವೆ ಸುತ್ತಿ ಬರಬೇಕಾಗುತ್ತದೆ. ಟಿವಿ ಕಾರ್ಯಕ್ರಮಗಳ ಪ್ರೇಕ್ಷಕರ ಸಾಲಿಗೆ ಟಿಕೆಟ್ ಸಾಮಾನ್ಯವಾಗಿ ಉಚಿತ. ಆದರೆ ಇರುವ ಕುರ್ಚಿಗಳಿಗಿಂತ ಹೆಚ್ಚು ಟಿಕೆಟ್ ಕೊಟ್ಟಿರುತ್ತಾರೆ, ಹೊತ್ತಿಗೆ ಮುಂಚೆ ಹೋಗಿ ಸಾಲಿನಲ್ಲಿ ನಿಂತವರಿಗಷ್ಟೇ ಜಾಗ.

ಸಿನಿಮಾ ಹುಟ್ಟಿದ್ದು ಲಾಸ್ ಏಂಜಲೀಸಿನಲ್ಲಿ ಅಲ್ಲ ಎಂಬುದನ್ನೂ ನೆನಪಿಡಬೇಕು. ಎಡಿಸನ್ 1893ರಲ್ಲಿ ಸ್ಟುಡಿಯೊ ಕಟ್ಟಿದ್ದು ನ್ಯೂಯಾರ್ಕಿನ ಮಗ್ಗುಲಿನ ನ್ಯೂಜೆರ್ಸಿಯಲ್ಲಿ. ಆತನ ಪೇಟೆಂಟುಗಳ ಸುತ್ತ 1908ರಲ್ಲಿ ಕಟ್ಟಿದ ಕೂಟ ಉಳಿದ ನಿರ್ಮಾಪಕರ ಮೇಲೆ ದಾವೆ ಹೂಡುತ್ತ ಹೋಯಿತು. ಅದರಿಂದ ದೂರ ಹೋಗುವ ಆಸೆ ಒಂದು ಕಡೆ, ಬೆಳಕಿನ ಹಸಿವು ಇನ್ನೊಂದು ಕಡೆ. ಆಗಿನ ಫಿಲ್ಮಿಗೆ ಬೆಳಕು ಎಷ್ಟಿದ್ದರೂ ಸಾಲದು. ಮೇಲ್ಛಾವಣಿ ಇಲ್ಲದ ಅಟ್ಟಣೆಯ ಮೇಲೆ ಸೆಟ್ ಹಾಕಿ, ನೆತ್ತಿಯ ಮೇಲೆ ತೆಳುವಾದ ಬಿಳಿ ಬಟ್ಟೆ ಕಟ್ಟಿ, ಬಿಸಿಲನ್ನು ಸೋಸಿ ಚಿತ್ರ ತೆಗೆಯುತ್ತಿದ್ದರು. ಪೂರ್ವದ ಚಳಿಗಾಲದಲ್ಲಿ ಈ ಕೆಲಸ ನಿಂತುಹೋಗುತ್ತಿತ್ತು. ಲಾಸ್ ಏಂಜಲೀಸಿನಲ್ಲಿ ವರ್ಷದ ಬಹುಪಾಲು ಬಿಸಿಲು. ಕಡಲು, ಮರುಭೂಮಿ, ಹಿಮದ ಬೆಟ್ಟ ಮೂರೂ ಒಂದು ದಿನದ ದಾರಿ. 1911ರಲ್ಲಿ ನ್ಯೂಜೆರ್ಸಿಯಿಂದ ಬಂದ ನೆಸ್ಟರ್ ಕಂಪನಿ ಸನ್‌ಸೆಟ್ ಮತ್ತು ಗೋವರ್ ರಸ್ತೆ ಕೂಡುವಲ್ಲಿ ಹಾಲಿವುಡ್ಡಿನ ಮೊದಲ ಸ್ಟುಡಿಯೊ ತೆರೆಯಿತು. ಹಣದ ಚೀಲ ಮಾತ್ರ ಪೂರ್ವದಲ್ಲೇ ಉಳಿಯಿತು. ಎಂಜಿಎಂನಂಥ ಸ್ಟುಡಿಯೊದ ಒಡೆತನ ನ್ಯೂಯಾರ್ಕಿನ ಲೋವ್ಸ್ ಕಂಪನಿಯದಾಗಿತ್ತು. ಈ ಎರಡು ಊರುಗಳನ್ನು ಜಿದ್ದಿಗೆ ಬಿದ್ದ ದಾಯಾದಿಗಳಂತೆ ಚಿತ್ರಿಸುವುದು ನನಗೆ ಒಪ್ಪಿಗೆಯಿಲ್ಲ. ಒಂದು ಬಂಡವಾಳ ಹಾಕಿತು, ಇನ್ನೊಂದು ಬಟ್ಟೆ ನೇಯ್ದಿತು.

ಬೆಟ್ಟದ ಮೇಲಿನ ಹಾಲಿವುಡ್ ಅಕ್ಷರಗಳು ಮೊದಲಿಗೆ ಸೈಟು ಮಾರುವ ಜಾಹೀರಾತು. 1923ರಲ್ಲಿ ನಿಲ್ಲಿಸಿದಾಗ 'ಹಾಲಿವುಡ್‌ಲ್ಯಾಂಡ್' ಎಂದಿತ್ತು, 1949ರಲ್ಲಿ ಕೊನೆಯ 'ಲ್ಯಾಂಡ್' ತೆಗೆದರು. ಈಗಿನ ಅಕ್ಷರಗಳು 1978ರವು, ಸುಮಾರು 45 ಅಡಿ ಎತ್ತರ. ಅವುಗಳ ಬುಡಕ್ಕೆ ಹೋಗಿ ಮುಟ್ಟಲು ಬಿಡುವುದಿಲ್ಲ. ಚಾರಣದ ದಾರಿ ಹಿಡಿದು ಮೇಲೇರಿದರೆ ಅಕ್ಷರಗಳ ಬೆನ್ನು ಕಾಣುತ್ತದೆ! ಮುಂಭಾಗ ಬೇಕಾದರೆ ಗ್ರಿಫಿತ್ ವೀಕ್ಷಣಾಲಯಕ್ಕೆ ಹೋಗಿ. 1935ರಲ್ಲಿ ತೆರೆದದ್ದು, ಪ್ರವೇಶ ಉಚಿತ, ಪ್ಲಾನೆಟೇರಿಯಂ ಪ್ರದರ್ಶನಕ್ಕೆ ಮಾತ್ರ ಟಿಕೆಟ್, ಸೋಮವಾರ ಒಳಗಿನ ಕಟ್ಟಡಕ್ಕೆ ರಜೆ. ಸಂಜೆ ಹೊತ್ತು ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಬಿ ಲೈನ್ ರೈಲಿನಲ್ಲಿ ವರ್ಮಾಂಟ್/ಸನ್‌ಸೆಟ್‌ವರೆಗೆ ಬಂದು ಅಲ್ಲಿಂದ ಡ್ಯಾಶ್ ಬಸ್ ಹತ್ತುವುದು ಸುಲಭ.

ಹಾಲಿವುಡ್ ಬೊಲೆವಾರ್ಡ್ ರಸ್ತೆಯ ಕಾಲುದಾರಿಯಲ್ಲಿ ಕಲಾವಿದರ ಹೆಸರಿನ ನಕ್ಷತ್ರಗಳನ್ನು ಹಾಸಿದ ವಾಕ್ ಆಫ್ ಫೇಮ್‌ನ 2,700ಕ್ಕೂ ಮೀರಿದ ನಕ್ಷತ್ರಗಳಲ್ಲಿ ಕನ್ನಡ ನಾಡಿನವರು ಹುಡುಕಿ ನೋಡಲೇಬೇಕಾದ ಒಂದು ಇದೆ: ಸಾಬು. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಹೆಸರಾಗಿ, ಹಾಲಿವುಡ್ ಸೇರಿ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯ ಬಾಂಬರ್ ವಿಮಾನದ ಬಾಲದಲ್ಲಿ ಗನ್ನರ್ ಆಗಿ ಕೂತವರು. 1960ರಲ್ಲಿ ನಕ್ಷತ್ರ ಬಂತು, 1963ರಲ್ಲಿ 39ನೇ ವಯಸ್ಸಿಗೇ ತೀರಿಕೊಂಡರು. ಮೈಸೂರು ಅರಸರ ಆನೆಲಾಯದಿಂದ ಹಾಲಿವುಡ್ ಬೊಲೆವಾರ್ಡ್‌ವರೆಗಿನ ಈ ದಾರಿ ನಮ್ಮಲ್ಲಿ ಇನ್ನೂ ಸರಿಯಾಗಿ ಚರ್ಚೆಯಾಗಿಲ್ಲ ಎಂಬ ಕೊರಗು ನನಗಿದೆ.

ಸಂಸ್ಕೃತಿಯ ಮಾತು ಬಂದಾಗ ಜನ ಕಣ್ಣು ಮುಚ್ಚಿಕೊಂಡು ನ್ಯೂಯಾರ್ಕಿಗೆ ಅಂಕ ಕೊಡುತ್ತಾರೆ. 1870ರಲ್ಲಿ ಸ್ಥಾಪನೆಯಾದ ಮೆಟ್, 1929ರ ಆಧುನಿಕ ಕಲಾ ಮ್ಯೂಸಿಯಂ ಮೋಮಾ, 41 ಬ್ರಾಡ್‌ವೇ ರಂಗಮಂದಿರಗಳು ಇರುವಾಗ ಅದು ಸಹಜ. ಆದರೆ ನಾಜಿಗಳಿಂದ ತಪ್ಪಿಸಿಕೊಂಡು ಬಂದ ಕಾದಂಬರಿಕಾರ ಥಾಮಸ್ ಮಾನ್, ಸಂಗೀತಗಾರ ಶೋನ್‌ಬರ್ಗ್ ನೆಲೆಸಿದ್ದು ಲಾಸ್ ಏಂಜಲೀಸಿನಲ್ಲಿ. ಸ್ಟ್ರಾವಿನ್‌ಸ್ಕಿ ಕೂಡ ದಶಕಗಳ ಕಾಲ ಅಲ್ಲೇ ಇದ್ದ. ಫ್ರಾಂಕ್ ಗೆಹ್ರಿ ವಿನ್ಯಾಸದ ಡಿಸ್ನಿ ಕನ್ಸರ್ಟ್ ಹಾಲ್ 2003ರದು. ಜೇಬಿನ ದೃಷ್ಟಿಯಿಂದಲೂ ಲಾಸ್ ಏಂಜಲೀಸ್ ಉದಾರಿ. ಮೆಟ್‌ನಲ್ಲಿ ಹೊರಗಿನ ವಯಸ್ಕರಿಗೆ 30 ಡಾಲರ್ ಟಿಕೆಟ್, ಬುಧವಾರ ರಜೆ. ಲಾಸ್ ಏಂಜಲೀಸಿನ ಕಲಾ ಮ್ಯೂಸಿಯಂ ಗೆಟ್ಟಿ ಸೆಂಟರಿಗೆ ಪ್ರವೇಶ ಉಚಿತ, ಹೊತ್ತು ಕಾಯ್ದಿರಿಸಿಕೊಂಡು ಹೋಗಬೇಕು. ದುಡ್ಡು ಕೀಳುವುದು ಅಲ್ಲಿನ ಪಾರ್ಕಿಂಗ್. 761ನೇ ನಂಬರ್ ಬಸ್ಸಿನಲ್ಲಿ ಹೋದರೆ ಅದೂ ಉಳಿಯುತ್ತದೆ. ಸೋಮವಾರ ಮುಚ್ಚಿರುತ್ತದೆ.

ಬ್ರಾಡ್‌ವೇ ನಾಟಕಕ್ಕೆ ಟೈಮ್ಸ್ ಸ್ಕ್ವೇರ್‌ನ ಕೆಂಪು ಮೆಟ್ಟಿಲ ಕೆಳಗಿನ ಟಿಕೆಟಿಎಸ್ (TKTS) ಎಂಬ ರಿಯಾಯಿತಿ ಟಿಕೆಟ್ ಕಿಟಕಿಯಲ್ಲಿ ಅಂದಂದಿನ ಟಿಕೆಟ್ ಅರ್ಧ ಬೆಲೆಯವರೆಗೂ ಇಳಿಯುತ್ತದೆ. ಅತಿ ಹೆಸರುವಾಸಿ ನಾಟಕಗಳು ಅಲ್ಲಿ ಅಪರೂಪ. ಸೋಮವಾರ ಬಹುತೇಕ ರಂಗಮಂದಿರಗಳಿಗೆ ರಜೆ. 'ಪಾರ್ಷಿಯಲ್ ವ್ಯೂ' ಎಂದು ಬರೆದ ಸೀಟು ಕೊಂಡರೆ ಕಂಬವೋ ಬಾಲ್ಕನಿಯ ಅಂಚೋ ಅಡ್ಡ ಬರುತ್ತದೆ. ಹಿಂದಿನ ಸಾಲಾದರೂ ಸರಿ, ನೇರವಾಗಿ ಕಾಣುವ ಸೀಟೇ ಮೇಲು.

ಓಡಾಟದ ಲೆಕ್ಕ ಬೇರೆ. 2020ರ ಜನಗಣತಿಯಲ್ಲಿ ನ್ಯೂಯಾರ್ಕಿಗೆ 88 ಲಕ್ಷ ಜನ, ಲಾಸ್ ಏಂಜಲೀಸಿಗೆ 39 ಲಕ್ಷ. ನೆಲ ನೋಡಿದರೆ ಲಾಸ್ ಏಂಜಲೀಸೇ ಒಂದೂವರೆ ಪಟ್ಟು ದೊಡ್ಡದು. ಹಾಗಾಗಿ ಮ್ಯಾನ್‌ಹಟನ್‌ನಲ್ಲಿ ದೂರವನ್ನು ಬ್ಲಾಕಿನಲ್ಲಿ, ಅಂದರೆ ಎರಡು ಅಡ್ಡರಸ್ತೆಗಳ ನಡುವಿನ ಅಂತರದಲ್ಲಿ, ಹೇಳುತ್ತಾರೆ (ಉತ್ತರ-ದಕ್ಷಿಣ 20 ಬ್ಲಾಕ್ ಅಂದರೆ ಒಂದು ಮೈಲಿ), ಲಾಸ್ ಏಂಜಲೀಸಿನಲ್ಲಿ ನಿಮಿಷದಲ್ಲಿ. ನ್ಯೂಯಾರ್ಕ್ ಸಬ್‌ವೇಗೆ ಈಗ 3 ಡಾಲರ್, ಒಂದೇ ಕಾರ್ಡನ್ನು ತಾಗಿಸುತ್ತಿದ್ದರೆ ಏಳು ದಿನಗಳಲ್ಲಿ 12 ಸವಾರಿ ದಾಟಿದ ಮೇಲೆ ಬಹುಮಟ್ಟಿಗೆ ಉಚಿತ. ಇವತ್ತು ಕಾರ್ಡು, ನಾಳೆ ಫೋನು ಎಂದು ಬದಲಿಸಿದರೆ ಲೆಕ್ಕ ಹರಿದುಹೋಗುತ್ತದೆ. ಕೆಲವು ನಿಲ್ದಾಣಗಳಲ್ಲಿ ಉತ್ತರ, ದಕ್ಷಿಣ ದಿಕ್ಕಿನ ರೈಲುಗಳ, ಅಂದರೆ ಅಪ್‌ಟೌನ್, ಡೌನ್‌ಟೌನ್ ಪ್ಲಾಟ್‌ಫಾರಂಗಳಿಗೆ ಬೇರೆ ಬೇರೆ ಬಾಗಿಲು. ತಪ್ಪು ಬಾಗಿಲಲ್ಲಿ ಇಳಿದರೆ ಒಳಗಿನಿಂದ ಆಚೆಗೆ ದಾಟಲು ದಾರಿಯಿರುವುದಿಲ್ಲ, ಮೇಲೆ ಬಂದು ರಸ್ತೆ ದಾಟಬೇಕು.

ಲಾಸ್ ಏಂಜಲೀಸ್ ಮೆಟ್ರೋ 1.75 ಡಾಲರ್, ಆದರೂ ಊರಿನ ಅರ್ಧ ಭಾಗಕ್ಕೆ ಕಾರೇ ಗತಿ. ಕಾರು ನಿಲ್ಲಿಸುವ ಮುನ್ನ ರಸ್ತೆಯಂಚಿನ ಬಣ್ಣ ನೋಡಿ. ಕೆಂಪಾದರೆ ನಿಲ್ಲುವಂತಿಲ್ಲ, ಹಸಿರಾದರೆ ಅಲ್ಪ ಹೊತ್ತು, ನೀಲಿ ಅಂಗವಿಕಲರಿಗೆ. ಕಂಬದಲ್ಲಿ ನಾಲ್ಕೈದು ಫಲಕ ಇದ್ದರೆ ಎಲ್ಲವನ್ನೂ ಓದಿ, ರಸ್ತೆ ಗುಡಿಸುವ ದಿನದ ಫಲಕವೇ ಹೆಚ್ಚು ದಂಡ ತರುವುದು. ಕೆಂಪು ದೀಪವಿದ್ದರೂ ಪೂರ್ತಿ ನಿಂತು ಬಲಕ್ಕೆ ತಿರುಗಲು ಲಾಸ್ ಏಂಜಲೀಸಿನಲ್ಲಿ ಅನುಮತಿಯಿದೆ. ಅದೇ ಅಭ್ಯಾಸ ನ್ಯೂಯಾರ್ಕ್ ನಗರದಲ್ಲಿ ತಪ್ಪು, ಫಲಕ ಹೇಳಿದಲ್ಲಿ ಬಿಟ್ಟು.

ಜಗತ್ತನ್ನು ಸೆಳೆಯುವ ಬಲ ಯಾರದು ಹೆಚ್ಚು? ವಿಶ್ವಸಂಸ್ಥೆ ಇರುವ ಊರು ನ್ಯೂಯಾರ್ಕ್. ಕ್ವೀನ್ಸ್‌ನಲ್ಲಿ 7 ನಂಬರಿನ ರೈಲು ಹತ್ತಿ ಕೊನೆಯ ಫ್ಲಶಿಂಗ್‌ವರೆಗೆ ಹೋದರೆ ನಿಲ್ದಾಣ ನಿಲ್ದಾಣಕ್ಕೂ ಭಾಷೆ, ಊಟ ಬದಲಾಗುತ್ತವೆ. ಕೊನೆಗೆ ಬೌನ್ ಸ್ಟ್ರೀಟಿನ ಗಣಪತಿ ದೇವಸ್ಥಾನ, 1977ರಲ್ಲಿ ಪ್ರತಿಷ್ಠೆಯಾದದ್ದು, ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಬಿಸಿ ದೋಸೆ. ಲಾಸ್ ಏಂಜಲೀಸಿನ ಸೆಳೆತ ಬೇರೆ ಥರ: ಅಲ್ಲಿಗೆ ಕಾಲಿಡದವರೂ ಅದರ ಬೀದಿಗಳನ್ನು ಪರದೆಯ ಮೇಲೆ ನೋಡಿಬಿಟ್ಟಿರುತ್ತಾರೆ. 1932, 1984ರ ನಂತರ 2028ರ ಒಲಿಂಪಿಕ್ಸ್ ಕೂಡ ಅಲ್ಲೇ.

ಈ ಬೇಸಿಗೆಯಲ್ಲಿ ಫುಟ್‌ಬಾಲ್ ವಿಶ್ವಕಪ್ ಎರಡೂ ಕಡೆ ಇದೆ, ಎರಡು ಕ್ರೀಡಾಂಗಣಗಳೂ ಆಯಾ ನಗರದ ಗಡಿಯ ಹೊರಗಿವೆ. ಜುಲೈ 19ರ ಫೈನಲ್ ನಡೆಯುವುದು ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನಲ್ಲಿ, ಲಾಸ್ ಏಂಜಲೀಸಿನ ಪಂದ್ಯಗಳು ಇಂಗಲ್‌ವುಡ್‌ನಲ್ಲಿ. ಹೋಟೆಲ್ ಹಿಡಿಯುವವರು ನಗರದ ಹೆಸರು ನೋಡಿ ಹಿಡಿಯಬೇಡಿ. ನ್ಯೂಯಾರ್ಕಿನಲ್ಲಿ ನ್ಯೂಜೆರ್ಸಿ ಕಡೆಯ ರೈಲು ಹೊರಡುವ ಪೆನ್ ಸ್ಟೇಷನ್‌ಗೆ ಹತ್ತಿರ, ಲಾಸ್ ಏಂಜಲೀಸಿನಲ್ಲಿ ಕೆ ಲೈನ್ ಮೆಟ್ರೋ ರೈಲಿನ ಆಸುಪಾಸು ಹುಡುಕಿ. ಜೂನ್ ಬೆಳಗ್ಗೆ ಲಾಸ್ ಏಂಜಲೀಸಿನ ಕಡಲ ಕಡೆ ಮಧ್ಯಾಹ್ನದವರೆಗೂ ಮೋಡ ಕವಿದಿರುತ್ತದೆ, ಒಂದು ತೆಳು ಸ್ವೆಟರ್ ಇರಲಿ.