ಕೊಡಲಿಗೆ ಸಿಗದೆ ಉಳಿದ 49 ಎಕರೆ

ಡೆಟ್ರಾಯಿಟ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಮೂರು ಗಂಟೆ ಸಾಗಿದರೆ ಮಿಷಿಗನ್ ರಾಜ್ಯದ ಗ್ರೇಲಿಂಗ್ ಪಟ್ಟಣ, ಅದಕ್ಕೆ ಹತ್ತಿರದಲ್ಲೇ ಹಾರ್ಟ್‌ವಿಕ್ ಪೈನ್ಸ್ ಉದ್ಯಾನ. 1870ರ ಆಸುಪಾಸಿನಿಂದ ಎರಡು ದಶಕ ಅಮೆರಿಕದಲ್ಲಿ ಅತಿ ಹೆಚ್ಚು ನಾಟಾ ಕೊಯ್ದ ರಾಜ್ಯವಿದು. 1871ರ ಬೆಂಕಿಯಲ್ಲಿ ಸುಟ್ಟುಹೋದ ಶಿಕಾಗೊವನ್ನು ಮತ್ತೆ ಕಟ್ಟಲು ಇಲ್ಲಿನ ಬಿಳಿ ಪೈನ್ ಹೇರಳವಾಗಿ ಹೋಯಿತು.

ಉದ್ಯಾನದೊಳಗೆ 1930ರ ದಶಕದಲ್ಲಿ ದಿಮ್ಮಿಗಳಿಂದಲೇ ಕಟ್ಟಿದ ವಸ್ತುಸಂಗ್ರಹಾಲಯವಿದೆ. ಮರ ಕಡಿಯುವವರ ಬಿಡಾರ, ಇಬ್ಬರು ಎಳೆಯುವ ಉದ್ದ ಗರಗಸ, ಕೊಡಲಿಗಳು. ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಮಾತ್ರ ಮುದ್ರೆ ಒತ್ತುವ ಸುತ್ತಿಗೆ. ಅದರ ಮೂತಿಯಲ್ಲಿ ಮಾಲೀಕನ ಗುರುತು ಉಬ್ಬಾಗಿ ಎದ್ದಿರುತ್ತದೆ. ದಿಮ್ಮಿಯ ತುದಿಗೆ ಬಲವಾಗಿ ಹೊಡೆದರೆ ಅದು ಮರದೊಳಗೆ ಇಳಿಯುತ್ತದೆ. ಒಂದೇ ನದಿಯಲ್ಲಿ ಹಲವು ಕಂಪನಿಗಳ ದಿಮ್ಮಿಗಳು ಬೆರೆತು ತೇಲಿ ಬರುತ್ತಿದ್ದವು. ಕೆಳಗೆ, ಸಾಮಿಲ್‌ಗಳ ಬಳಿ, ಈ ಗುರುತು ನೋಡಿಯೇ ಅವನ್ನು ಬೇರ್ಪಡಿಸುತ್ತಿದ್ದರು.

ಆ ಕಾಲದಲ್ಲಿ ಕಡಿತವೆಲ್ಲ ಚಳಿಗಾಲದ ಕೆಲಸ. ರಾತ್ರಿ ದಾರಿಗೆ ನೀರು ಚಿಮುಕಿಸಿ ಮಂಜುಗಡ್ಡೆ ಕಟ್ಟಿಸುವರು. ಬೆಳಿಗ್ಗೆ ಅದರ ಮೇಲೆ ಕುದುರೆಗಳು ಬೆಟ್ಟದಷ್ಟು ದಿಮ್ಮಿ ಹೇರಿದ ಜಾರುಬಂಡಿಗಳನ್ನು ಎಳೆಯುವವು. ವಸಂತದಲ್ಲಿ ಹಿಮ ಕರಗಿ ಹೊಳೆ ಉಕ್ಕಿದಾಗ ದಿಮ್ಮಿಗಳು ನೀರಿಗೆ. ಹಿಮ ಬೀಳದಿದ್ದರೆ ಕೆಲಸವಿಲ್ಲ, ಹೊಳೆಯಿಂದ ದೂರವಿದ್ದರೆ ಆ ಕಾಡು ಕ್ಷೇಮ.

ಈ ಎರಡು ಅಡ್ಡಿಗಳನ್ನೂ ಮನುಷ್ಯ ದಾಟಿದ. ಮನಿಸ್ಟೀ ಊರಿನ ಸೈಲಸ್ ಓವರ್‌ಪ್ಯಾಕ್ 1870ರ ದಶಕದಲ್ಲಿ ಆಳೆತ್ತರ ಮೀರಿದ ಜೋಡಿ ಚಕ್ರಗಳನ್ನು ಮಾಡಿ ಮಾರತೊಡಗಿದ. ಅಚ್ಚಿನ ಕೆಳಗೆ ಸರಪಳಿಯಲ್ಲಿ ದಿಮ್ಮಿಗಳನ್ನು ತೂಗುಹಾಕಿದರೆ ಬೇಸಿಗೆಯಲ್ಲೂ ಸಾಗಿಸಬಹುದಿತ್ತು. ಇಲ್ಲಿ ಇಟ್ಟಿರುವ ಅಂಥ ಚಕ್ರದ ಪಕ್ಕ ನಿಂತರೆ ನಾನು ಅದರ ಗುಂಬಕ್ಕಿಂತ ಸ್ವಲ್ಪವೇ ಎತ್ತರ. 1877ರಲ್ಲಿ ವಿನ್‌ಫೀಲ್ಡ್ ಸ್ಕಾಟ್ ಗೆರಿಶ್ ದಿಮ್ಮಿ ಸಾಗಿಸಲೆಂದೇ ರೈಲು ಹಾಕಿದ. ಹೊಳೆಯ ಹಂಗೂ ತಪ್ಪಿತು. ಈ ಜಾಣ್ಮೆಗೆ ತಲೆದೂಗುತ್ತೇನೆ. ಆದರೆ ಕಾಡಿಗೆ ಇದ್ದ ಬೇಸಿಗೆಯ ಬಿಡುವನ್ನು ಕಿತ್ತುಕೊಂಡದ್ದೂ ಇದೇ ಜಾಣ್ಮೆ. ಕಡಿದ ಮೇಲೆ ಬಿಟ್ಟುಹೋದ ಒಣ ರೆಂಬೆಕೊಂಬೆಗಳು ಬೆಂಕಿಗೆ ಮೇವಾದವು. 1881ರಲ್ಲಿ ರಾಜ್ಯದ ಪೂರ್ವ ಭಾಗದ ಕಾಳ್ಗಿಚ್ಚಿಗೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು.

ಸಂಗ್ರಹಾಲಯದ ಆಚೆಗಿನ ಕಾಲುದಾರಿ ಹಳೆಯ ಪೈನ್‌ಗಳ ನಡುವೆ ಸಾಗುತ್ತದೆ. ಕಾಂಡವನ್ನು ತಬ್ಬಲು ಹೋದರೆ ಕೈಗಳು ಕೂಡುವುದಿಲ್ಲ. ನಾಟಾ ಉದ್ಯಮಿಯ ಮಗಳಾದ ಕ್ಯಾರೆನ್ ಮೈಕಲ್ಸನ್ ಹಾರ್ಟ್‌ವಿಕ್, ಮೊದಲ ಮಹಾಯುದ್ಧದ ವೇಳೆ ತೀರಿಕೊಂಡ ಗಂಡನ ನೆನಪಿಗೆ 1927ರಲ್ಲಿ 8,000ಕ್ಕೂ ಹೆಚ್ಚು ಎಕರೆಯನ್ನು ರಾಜ್ಯಕ್ಕೆ ಕೊಟ್ಟರು. ಅದರಲ್ಲಿ ಕೊಡಲಿ ಮುಟ್ಟದ ಕಾಡು ಇದ್ದದ್ದು 85 ಎಕರೆ ಮಾತ್ರ. 1940ರ ಬಿರುಗಾಳಿಯ ನಂತರ ಅದು 49ಕ್ಕೆ ಇಳಿಯಿತು. ಈಗ ನೆರಳಲ್ಲಿ ಚಿಗುರುತ್ತಿರುವುದು ಬೀಚ್, ಮೇಪಲ್ ಸಸಿಗಳು. ಬಿಳಿ ಪೈನ್ ಸಸಿಗೆ ಬೆಳಕು ಬೇಕು. ಹಿರಿಯ ಮರಗಳ ಅಡಿಯಲ್ಲಿ ಅದು ಮೇಲೇಳುವುದು ಕಷ್ಟ.