ಮಸಾರಿ ಹಾದಿ, ಎರಿ ಹಾದಿ: ಸುರಪುರದ ಸುತ್ತ ಮೂರು ದಿನದ ಸೈಕಲ್ ಸುತ್ತಾಟ

ಯಾದಗಿರಿ ಜಿಲ್ಲೆಯ ಸುರಪುರದ ಸುತ್ತ ಸೈಕಲ್ ತುಳಿಯುವಾಗ ಹಾದಿ ಎಷ್ಟು ದೂರ ಎಂದು ಕೇಳಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಕೇಳಬೇಕಾದ ಮಾತೇ ಬೇರೆ: “ಕಾಕಾ, ಮುಂದ ಮಸಾರಿ ಅದನೊ, ಎರಿ ಅದನೊ?” ಹೊಲದಿಂದ ಬರುವವರು ನಿಂತು ಸರಿಯಾದ ಉತ್ತರ ಕೊಡುತ್ತಾರೆ. “ಹಳ್ಳದ ತನಕ ಮಸಾರಿ ಅದ ತಮ್ಮಾ. ಹಳ್ಳ ದಾಟಿದ ಮ್ಯಾಲ ಬರೀ ಎರಿ. ಮೊನ್ನಿ ಮಳಿ ಆಗ್ಯಾದ, ಗಾಲಿ ತಿರಗಂಗಿಲ್ಲ.” ಆ ದಿನ ಎಲ್ಲಿಗೆ ಹೋಗಬೇಕು ಎಂಬುದು ಅಲ್ಲಿಗೇ ತೀರ್ಮಾನವಾಗುತ್ತದೆ.

ಊರಿನ ಸುತ್ತಲಿನ ಗುಡ್ಡಗಳೆಲ್ಲ ಗ್ರಾನೈಟ್ ಬಂಡೆಯವು. ಬಂಡೆ ಸವೆದು ಉದುರಿದ ಕೆಂಪು ಮರಳು ಮಣ್ಣು ಮಸಾರಿ. ಅದು ನೀರು ಇಂಗಿಸಿಕೊಳ್ಳುತ್ತದೆ, ಮಳೆ ನಿಂತ ಅರ್ಧ ದಿನಕ್ಕೆ ಸೈಕಲ್ ಓಡುತ್ತದೆ. ತಗ್ಗಿನ ಕಪ್ಪು ಎರಿಯಲ್ಲಿ ಜೇಡಿ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಜೋರು ಮಳೆಯಾದ ಮೇಲೆ ಎರಿ ಹಾದಿಗೆ ಕನಿಷ್ಠ ಮೂರು-ನಾಲ್ಕು ದಿನ ಬಿಸಿಲು ಬೀಳಬೇಕು. ಅದಕ್ಕೂ ಮೊದಲು ಇಳಿದರೆ ಆಗುವುದು ಇಷ್ಟೇ: ಟೈರಿಗೆ ಮೆತ್ತಿದ ಮಣ್ಣು ಫೋರ್ಕಿನ ಸಂದಿಗೆ ತುಂಬಿಕೊಂಡು ನೂರು ಮೀಟರಿನೊಳಗೆ ಗಾಲಿಯನ್ನು ಹಿಡಿದುಬಿಡುತ್ತದೆ. ಅಲ್ಲಿ ಪೆಡಲ್ ಬಲವಾಗಿ ತುಳಿಯಬಾರದು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಗೇರ್ ಡಿರೇಲರಿಗೂ ಮಣ್ಣು ಸುತ್ತಿಕೊಂಡಿರುತ್ತದೆ. ತುಳಿದ ಬಲಕ್ಕೆ ಚೈನು ಡಿರೇಲರನ್ನು ಎಳೆದು ಅದನ್ನು ಚೌಕಟ್ಟಿಗೆ ಹಿಡಿದ ಹ್ಯಾಂಗರ್ ಬಾಗುತ್ತದೆ, ಕೆಲವೊಮ್ಮೆ ಮುರಿದು ಡಿರೇಲರ್ ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಇಳಿದು, ಸೈಕಲ್ ಎತ್ತಿ ಹುಲ್ಲಿರುವ ಬದುವಿಗೆ ತಂದು, ಕಟ್ಟಿಗೆ ತುಂಡಿನಿಂದ ಕೆರೆದು ತೆಗೆಯಬೇಕು. ತಳ್ಳಿಕೊಂಡು ಹೋದರೆ ಮತ್ತಷ್ಟು ಮಣ್ಣು ಹತ್ತುತ್ತದೆ, ಹೆಗಲ ಮೇಲೆ ಹೊರುವುದೇ ಮೇಲು. ರಿಮ್ಮಿಗೆ ಹಿಡಿಯುವ ವಿ-ಬ್ರೇಕ್ ಇದ್ದರೆ ಮಣ್ಣು ಮೊದಲು ತುಂಬುವುದು ಅಲ್ಲಿಯೇ. ಈ ಸೀಮೆಗೆ ಗಾಲಿಯ ನಡುವಿನ ತಟ್ಟೆಗೆ ಹಿಡಿಯುವ ಡಿಸ್ಕ್ ಬ್ರೇಕ್ ಬೇಕು ಎನ್ನುವುದಕ್ಕೆ ಇಳಿಜಾರು ಕಾರಣವಲ್ಲ, ಈ ಮಣ್ಣು ಕಾರಣ.

ಹಾಗಾಗಿ ನವೆಂಬರಿನಿಂದ ಫೆಬ್ರುವರಿ ಮಧ್ಯದವರೆಗಿನ ಕಾಲವೇ ಸರಿ. ಎರಿ ಗಟ್ಟಿಯಾಗಿರುತ್ತದೆ, ಕೆರೆಯಲ್ಲಿ ನೀರಿರುತ್ತದೆ, ಹಕ್ಕಿಗಳೂ ಬಂದಿರುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಎರಿಯ ಬಿರುಕು ಟೈರು ಇಳಿಯುವಷ್ಟು ಅಗಲವಾಗುತ್ತದೆ. ಆಗ ಬರಬೇಡಿ.

ಯಾದಗಿರಿ ರೈಲು ನಿಲ್ದಾಣದಿಂದ ಸುರಪುರಕ್ಕೆ ಸುಮಾರು 50 ಕಿ.ಮೀ. ರೈಲಿನಲ್ಲಿ ತರುವುದಾದರೆ ಸೈಕಲನ್ನು ಪಾರ್ಸೆಲ್ ಕಚೇರಿಯಲ್ಲಿ ಲಗೇಜಾಗಿ ಬರೆಸಬೇಕು. ಬಸ್ಸಿಗೆ ಎರಡೂ ಗಾಲಿ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಹಳೆಯ ಚಾದರ ಸುತ್ತಿದರೆ ಕಂಡಕ್ಟರ್ ಲಗೇಜ್ ಟಿಕೆಟ್ ಕೊಟ್ಟು ಹತ್ತಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಡಿಸ್ಕ್ ಬ್ರೇಕಿನ ಗಾಲಿ ಬಿಚ್ಚಿದ ಮೇಲೆ ಪ್ಯಾಡುಗಳ ನಡುವೆ ದಪ್ಪ ರಟ್ಟಿನ ತುಂಡು ಇಡುವುದನ್ನು ಮರೆಯಬಾರದು. ಹೈಡ್ರಾಲಿಕ್ ಬ್ರೇಕಿನ ಲೀವರ್ ಹಾದಿಯಲ್ಲಿ ಯಾರದಾದರೂ ಕೈಗೆ ಒತ್ತಿದರೆ ಪ್ಯಾಡು ಎರಡೂ ಕೂಡಿಕೊಂಡು ಗಾಲಿ ಮತ್ತೆ ಒಳಗೆ ಹೋಗುವುದಿಲ್ಲ.

ಮೊದಲ ದಿನ ಬೋನಾಳದ ಕೆರೆ. ಸುರಪುರದಿಂದ ಹತ್ತು-ಹನ್ನೆರಡು ಕಿ.ಮೀ. ಕೆರೆಯ ಸುತ್ತಾಟ ಸೇರಿದರೆ ಹೋಗಿಬರಲು ಮೂವತ್ತರ ಒಳಗೆ, ಹೊಸಬರಿಗೂ ಹಿತವಾದ ದಿನ. ಬೆಳಗ್ಗೆ ಆರಕ್ಕೆ ಹೊರಡುವುದು ಒಳ್ಳೆಯದು. ಈ ಕೆರೆ ಸುರಪುರದ ನಾಯಕ ಅರಸರ ಕಾಲದ್ದು. ಪಾಮನಾಯಕ ಕಟ್ಟಿಸಿದ್ದನ್ನು ಮುಂದೆ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಸುಧಾರಿಸಿದ. 1841ರಿಂದ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ ಆತ ಇದ್ದ ಬಂಗಲೆ, ಟೇಲರ್ ಮಂಜಿಲ್, ಸುರಪುರದ ಗುಡ್ಡದ ಮೇಲೆ ಇವತ್ತಿಗೂ ಇದೆ. ಸೈಕಲನ್ನು ಕೆಳಗೆ ಬಿಟ್ಟು ಹತ್ತಿ ನೋಡಬೇಕಾದ ಜಾಗ.

ಬೋನಾಳ ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಇಳಿಯುತ್ತವೆ. ಕೆನ್ನೀಲಿ ಬಕ, ಬಿಳಿ ಕತ್ತಿನ ಕೊಕ್ಕರೆ, ಬಿಳಿ ಮತ್ತು ಕರಿ ಕೆಂಬರಲು (ಐಬಿಸ್) ಕಾಣಸಿಗುತ್ತವೆ. ಹೆಬ್ಬಾತುಗಳು ಬೆಳಗ್ಗೆ ಹೊಲಗಳಲ್ಲಿ ಮೇಯ್ದು, ಬಿಸಿಲೇರಿದಂತೆ ನೀರಿಗೆ ಮರಳುತ್ತವೆ. ನೀರಂಚಿಗೆ ಸೈಕಲ್ ಇಳಿಸಿದರೆ ಇಡೀ ಹಿಂಡು ಏಳುತ್ತದೆ. ಏಳುವುದು ಚೆಂದ ಕಾಣುತ್ತದೆ, ಆದರೆ ಒಂದೊಂದು ಸಲ ಎದ್ದಾಗಲೂ ಅವು ದೂರದ ದಾರಿಗೆ ಕೂಡಿಟ್ಟ ಕೊಬ್ಬನ್ನೇ ಕರಗಿಸಿಕೊಳ್ಳುತ್ತವೆ. ಅರಣ್ಯ ಇಲಾಖೆಯ ಕಾವಲುಗಾರರನ್ನು ಮೊದಲು ಮಾತಾಡಿಸಿ, ಅವರು ಬಿಡುವಲ್ಲಿಯವರೆಗೆ ಮಾತ್ರ ಸೈಕಲ್ ಒಯ್ದು, ಮುಂದೆ ನಡೆದು ಹೋಗುವುದು ಸರಿ. ಬೆಲ್ಲು ಬಾರಿಸಬೇಡಿ. ಫ್ರೀವೀಲಿನ ಟಕಟಕ ಸದ್ದೂ ನೀರಿನ ಮೇಲೆ ದೂರ ಹೋಗುತ್ತದೆ. ನಿಧಾನವಾಗಿ ತುಳಿಯುತ್ತಲೇ ಇದ್ದರೆ ಆ ಸದ್ದು ಬರುವುದಿಲ್ಲ.

ಕೆರೆ ಹಾದಿಯ ನಿಜವಾದ ತೊಂದರೆ ಮುಳ್ಳು. ಈ ಸೀಮೆಯ ಕೆರೆ, ಹಳ್ಳಗಳ ಅಂಚಿಗೆಲ್ಲ ಬಳ್ಳಾರಿ ಜಾಲಿ ಹಬ್ಬಿದೆ. ಉರುವಲಿಗೆ ಕಡಿದು ಎಳೆದುಕೊಂಡು ಹೋದ ಹಾದಿಯಲ್ಲಿ ಅದರ ಮುಳ್ಳು ಬಿದ್ದಿರುತ್ತದೆ. ಒಣಗಿದ ಜಾಲಿ ಮುಳ್ಳು ಟೈರಿನೊಳಗೆ ಹೊಕ್ಕು ಹೊರಗಿನ ತುದಿ ಮುರಿಯುತ್ತದೆ, ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಪಂಕ್ಚರ್ ಹಾಕಿ ಟ್ಯೂಬ್ ಕೂರಿಸಿದ ಹತ್ತು ನಿಮಿಷಕ್ಕೆ ಮತ್ತೆ ಗಾಳಿ ಇಳಿದರೆ ಅಂಟಿಸಿದ ಪ್ಯಾಚನ್ನು ಬೈಯಬೇಡಿ, ಉಳಿದುಕೊಂಡ ತುದಿ ಮತ್ತೆ ಚುಚ್ಚಿದೆ. ಬೆರಳಿಗೆ ಸಿಗದ ತುದಿಯನ್ನು ಹುಡುಕಲು ಹತ್ತಿ ಸಾಕು. ಒಂದು ಚಿಟಿಕೆ ಹತ್ತಿಯನ್ನು ಟೈರಿನ ಒಳಮೈಗೆ ಎರಡೂ ದಿಕ್ಕಿನಿಂದ ಒಮ್ಮೊಮ್ಮೆ ಸವರಿದರೆ ಎಳೆ ಸಿಕ್ಕಿಕೊಂಡಲ್ಲಿ ಮುಳ್ಳಿರುತ್ತದೆ. ಒಳಗಿನಿಂದ ಹೊರಕ್ಕೆ ಸೂಜಿಯಿಂದ ತಳ್ಳಿ ತೆಗೆಯಬೇಕು. ಇಲ್ಲಿ ಹತ್ತಿಯನ್ನು ಹೊತ್ತು ತರುವ ಅಗತ್ಯವೂ ಇಲ್ಲ, ಬಿಡಿಸುವ ಕಾಲದಲ್ಲಿ ಹೊಲದ ಬದುವಿನ ಮೇಲೆ ಉದುರಿದ್ದು ಸಿಗುತ್ತದೆ.

ಇನ್ನೊಂದು ನೆಗ್ಗಿಲು. ನೆಲಕ್ಕೆ ಹಬ್ಬುವ ಬಳ್ಳಿ, ಹಳದಿ ಹೂವು, ಯಾವ ಕಡೆ ಬಿದ್ದರೂ ಮುಳ್ಳು ಮೇಲೆಯೇ ನಿಲ್ಲುವ ಕಾಯಿ. ಒಮ್ಮೆ ಹಾಯ್ದರೆ ಒಂದೇ ಟ್ಯೂಬಿಗೆ ಐದಾರು ತೂತು. ಇದಕ್ಕೆ ಪ್ಯಾಚ್ ಹಾಕುತ್ತ ಕೂರುವುದು ದಂಡ, ಟ್ಯೂಬ್‌ಲೆಸ್ ಟೈರೇ ಪರಿಹಾರ. 29 ಇಂಚಿನ, 2.2 ಇಂಚು ಅಗಲದ ಟೈರಿಗೆ ಸಾಮಾನ್ಯವಾಗಿ 90ರಿಂದ 100 ಮಿ.ಲೀ. ಸೀಲಂಟ್ (ತೂತು ಮುಚ್ಚುವ ದ್ರವ) ಸಾಕು. ನೆಗ್ಗಿಲು ಸೀಮೆಗೆ 120 ಹಾಕಿ. ನಮ್ಮ ಬಿಸಿಲಿಗೆ ಅದು ಎರಡು-ಮೂರು ತಿಂಗಳಲ್ಲಿ ಒಣಗುತ್ತದೆ. ಗಾಲಿ ಅಲುಗಾಡಿಸಿದಾಗ ಒಳಗೆ ದ್ರವದ ಸದ್ದು ಬರದಿದ್ದರೆ ಹೊರಡುವ ಮೊದಲೇ ತುಂಬಬೇಕು. ಮುಳ್ಳು ಕಿತ್ತ ಕೂಡಲೇ ತೂತನ್ನು ಕೆಳಗೆ ಮಾಡಿ ಅರ್ಧ ನಿಮಿಷ ನಿಲ್ಲಿಸಿದರೆ ಸೀಲಂಟ್ ಅಲ್ಲಿಗೆ ಹರಿದು ಕಟ್ಟುತ್ತದೆ.

ಟ್ಯೂಬ್ ಇದ್ದವರು ಮೋಟಾರ್ ಸೈಕಲಿನಂಥ ದಪ್ಪ ವಾಲ್ವಿನ ಟ್ಯೂಬನ್ನೇ ಹಾಕಿಸಿಕೊಳ್ಳಿ, ಎರಡು ಹೆಚ್ಚಿಗೆ ಇರಲಿ. ಹಳ್ಳಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅದಕ್ಕೆ ಕೂರುತ್ತದೆ, ಸಪೂರ ಪ್ರೆಸ್ಟಾ ವಾಲ್ವಿಗೆ ಕೂರುವುದಿಲ್ಲ. ಗಾಳಿ ಹಾಕಿಸುವಾಗ ಅಂಗಡಿಯವರಿಗೆ “ಅಣ್ಣಾ, ಮೂವತ್ತಕ್ಕ ನಿಲ್ಲಸ್ರಿ” ಎಂದು ಮೊದಲೇ ಹೇಳಿರಿ. ಎಪ್ಪತ್ತು ಕೆ.ಜಿ. ತೂಕದವರಿಗೆ ಟ್ಯೂಬ್ ಟೈರಿನಲ್ಲಿ ಗಾಳಿಯ ಒತ್ತಡ ಮುಂದೆ 28, ಹಿಂದೆ 32 ಪಿಎಸ್‌ಐ. ಟ್ಯೂಬ್‌ಲೆಸ್‌ನಲ್ಲಿ ನಾಲ್ಕೈದು ಕಡಿಮೆ. ಅದಕ್ಕಿಂತ ಇಳಿಸಿದರೆ ಮಸಾರಿಯಲ್ಲಿ ಹುದುಗಿದ ಕಲ್ಲಿಗೆ ರಿಮ್ಮು ಬಡಿದು ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಏರಿಸಿದರೆ ಒಣಗಿದ ಎರಿಯ ಹೆಂಟೆಗಳ ಮೇಲೆ ಕೈ ಜೋಮು ಹಿಡಿಯುತ್ತದೆ.

ಎರಡನೆಯ ದಿನ ಹುಣಸಗಿ. ಸುರಪುರದಿಂದ ಪಡುವಣಕ್ಕೆ ಮೂವತ್ತು ಕಿ.ಮೀ. ಹತ್ತಿರ. ಚಳಿಗಾಲದ ಗಾಳಿ ಮೂಡಣದ ಕಡೆಯಿಂದ ಬೀಸುವುದರಿಂದ ಹೋಗುವಾಗ ಬೆನ್ನಿಗೆ ಇರುತ್ತದೆ. ಅದನ್ನು ನಂಬಿ ಮರಳುವಾಗಲೂ ತುಳಿದರಾಯಿತು ಎಂದುಕೊಂಡರೆ ಮಧ್ಯಾಹ್ನದ ಬಿಸಿಲು, ಎದುರುಗಾಳಿ ಎರಡೂ ಒಟ್ಟಿಗೆ ಬರುತ್ತವೆ. ಹೋಗುವಾಗ ಸೈಕಲ್, ಬರುವಾಗ ಬಸ್ಸು ಎಂದು ಯೋಜಿಸಿಕೊಂಡರೆ ದಿನ ಹಗುರ.

ಹುಣಸಗಿ ಕಣಿವೆ ನೋಡಲು ತಟ್ಟೆಯಂತಿದೆ. ಸುತ್ತ ದಿಬ್ಬ, ನಡುವೆ ಹಳ್ಳ. ಈ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಹಲವು ದಶಕ ಅಗೆದು, ಹುಡುಕಿ, ಹಳೆ ಶಿಲಾಯುಗದ ನೆಲೆಗಳನ್ನು ಬೆಳಕಿಗೆ ತಂದರು. ಅವುಗಳಲ್ಲಿ ಇಸಾಂಪುರದ ಸುಣ್ಣಕಲ್ಲಿನ ಹಾಸಿನ ಮೇಲೆ ಆದಿಮಾನವರು ಕೈಗೊಡಲಿ ಮಾಡುತ್ತಿದ್ದ ಜಾಗ ಸುಮಾರು 12 ಲಕ್ಷ ವರ್ಷ ಹಳೆಯದೆಂದು ಕಾಲ ನಿರ್ಣಯವಾಗಿದೆ. ಆಗಲೂ ಜನ ಇಲ್ಲಿ ನೆಲೆಸಿದ್ದು ಕಲ್ಲು ಮತ್ತು ನೀರು ಎರಡೂ ಹತ್ತಿರ ಸಿಕ್ಕಿದ್ದರಿಂದ. ಬದುವಿನ ಮೇಲೆ ಒಂದು ಕಡೆ ಚೂಪಾದ ಕಲ್ಲು ಕಂಡರೆ ನೋಡಿ ಅಲ್ಲಿಯೇ ಬಿಡಿ. ಎತ್ತಿಕೊಂಡು ಹೋದ ಕಲ್ಲಿಗೆ ಜಾಗವೂ ಇಲ್ಲ, ಕಾಲವೂ ಇಲ್ಲ.

ಈಗ ಈ ಕಡೆಯ ನೀರು ನಾರಾಯಣಪುರ ಎಡದಂಡೆ ಕಾಲುವೆಯದು. ಕೃಷ್ಣೆಗೆ ಕಟ್ಟಿದ, ಹತ್ತು ಕಿ.ಮೀ.ಗಿಂತಲೂ ಉದ್ದದ ಬಸವಸಾಗರ ಅಣೆಕಟ್ಟಿನಿಂದ ಹೊರಟ ಕಾಲುವೆ ಒಣ ಬೇಸಾಯದ ಸೀಮೆಯನ್ನು ಭತ್ತದ ಗದ್ದೆಯಾಗಿಸಿದೆ. ನನ್ನ ಲೆಕ್ಕದಲ್ಲಿ ಈ ಮೂರು ದಿನದ ಅತಿ ಹಿತವಾದ ತುಳಿತ ಕಾಲುವೆ ಪಕ್ಕದ ಹಾದಿಯದೇ. ನೀರು ಹರಿಯಬೇಕಾದ್ದರಿಂದ ಕಾಲುವೆಗೆ ಕೊಡುವ ಇಳಿಜಾರು ಅತ್ಯಲ್ಪ, ಪಕ್ಕದ ಹಾದಿಯೂ ಹಾಗೆಯೇ ಸಮ. ಗೇರ್ ಬದಲಿಸುವ ಕೆಲಸವೇ ಬೀಳುವುದಿಲ್ಲ. ವಿತರಣಾ ಕಾಲುವೆ ಕವಲೊಡೆಯುವ ಕಡೆ ಹಾದಿ ತುಂಡಾಗಿದ್ದರೆ ಸೈಕಲ್ ಎತ್ತಿ ದಾಟಿಸಬೇಕು. ತೂಕದ ಚೀಲ ಸೈಕಲಿಗೆ ಕಟ್ಟದೆ ಬೆನ್ನಿಗಿದ್ದರೆ ಸುಲಭ.

ಎಚ್ಚರಿಕೆ ಒಂದೇ, ಆದರೆ ದೊಡ್ಡದು. ಕಾಲುವೆಯ ಕಾಂಕ್ರೀಟ್ ಗೋಡೆ ಓರೆ, ಪಾಚಿಗಟ್ಟಿದ್ದು. ಈಜು ಬಲ್ಲವರೂ ಬಿದ್ದರೆ ಹತ್ತಲು ಹಿಡಿತ ಸಿಗುವುದಿಲ್ಲ. ಅಂಚಿನಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಇರಬೇಕು, ಇಬ್ಬರು ಜೋಡಿಯಾಗಿ ತುಳಿಯಬಾರದು, ಮುಖ ತೊಳೆಯಲೂ ಇಳಿಯಬಾರದು. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹೊಲದ ಕಡೆಗೆ ಇಳಿದು ನಿಲ್ಲಿ.

ಹೊಲದ ಬದು ಹಿಡಿಯುವವರಿಗೆ ಇನ್ನೊಂದು ಮಾತು. ತೊಗರಿ ಕೊಯ್ದ ಮೇಲೆ ಉಳಿಯುವ ಕೂಳೆ ಕುಡುಗೋಲಿನ ಓರೆ ಏಟಿಗೆ ಈಟಿಯಾಗಿರುತ್ತದೆ. ಅದು ಟೈರಿನ ಗೋಡೆಯನ್ನೇ ಸೀಳುತ್ತದೆ, ಅದಕ್ಕೆ ಸೀಲಂಟ್ ನಿಲ್ಲುವುದಿಲ್ಲ. ಹಳೆಯ ಟೈರಿನಿಂದ ಕತ್ತರಿಸಿದ ಎರಡು ಬೆರಳಗಲದ ತುಂಡೊಂದು ಚೀಲದಲ್ಲಿದ್ದರೆ ಸೀಳಿನ ಒಳಗಿಟ್ಟು, ಟ್ಯೂಬ್ ಹಾಕಿ, ಕಡಿಮೆ ಗಾಳಿಯಲ್ಲಿ ಊರು ಸೇರಬಹುದು. ಹಸಿಯಲ್ಲಿ ಗಾಡಿ ಹೋಗಿ ಒಣಗಿದ ಎರಿ ಹಾದಿಯಲ್ಲಿ ಗಾಲಿ ಜಾಡು ಕಲ್ಲಿನಷ್ಟು ಗಟ್ಟಿ. ಮುಂದಿನ ಗಾಲಿ ಜಾಡಿಗಿಳಿದರೆ ಹ್ಯಾಂಡಲ್ ತಿರುಗಿಸಿ ಹೊರಬರಲು ಹೋಗಬೇಡಿ, ಬೀಳುತ್ತೀರಿ. ಜಾಡು ಸವೆದು ಮಟ್ಟವಾಗುವ ತನಕ ಅದರೊಳಗೇ ಸಾಗಿ.

ಊಟಕ್ಕೆ ಹುಣಸಗಿಯಲ್ಲಿ ಸುಸಲಾ (ಮಂಡಕ್ಕಿ ಒಗ್ಗರಣೆ), ಮಿರ್ಚಿ ಸಿಗುತ್ತದೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ನೀರು ತಲೆಗೆ ನಾಲ್ಕು ಲೀಟರ್ ಹೊತ್ತಿರಬೇಕು, ಅದರಲ್ಲಿ ಒಂದು ಲೀಟರಿಗೆ ಒಂದು ಪೊಟ್ಟಣ ಓಆರ್‌ಎಸ್. ಕಾಲುವೆ ನೀರಿನಲ್ಲಿ ಹೊಲದ ಔಷಧಿಯೂ ಸೇರಿರಬಹುದು, ಕುಡಿಯಬೇಡಿ.

ಮೂರನೆಯ ದಿನ ತಿಂಥಣಿ, ಕೃಷ್ಣೆಯ ದಡ. ಸುರಪುರದಿಂದ ಸುಮಾರು 20 ಕಿ.ಮೀ. ಲಿಂಗಸುಗೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಲಾರಿ ಸಂಚಾರ ಹೆಚ್ಚು, ಆದ್ದರಿಂದ ಬೆಳಗಿನ ಜಾವ ಹಿಂದೆ ಕೆಂಪು ದೀಪ ಹಚ್ಚಿಕೊಂಡು ಮುಗಿಸಬೇಕಾದ ತುಣುಕು ಅದು. ತಿಂಥಣಿಯ ಸಂತ ಮೌನೇಶ್ವರರಿಗೆ ಹಿಂದೂ, ಮುಸ್ಲಿಂ ಎರಡೂ ಕಡೆಯ ಭಕ್ತರಿದ್ದಾರೆ. ಜಾತ್ರೆಯ ದಿನಗಳಲ್ಲಿ ಸೈಕಲಿಗೆ ಹಾದಿ ಸಿಗುವುದಿಲ್ಲ, ಉಳಿದ ದಿನ ದಡ ಶಾಂತ.

ಹೊಳೆ ಪಕ್ಕದ ಕಾಲುಹಾದಿ ಕೆಲವೆಡೆ ಮೆತ್ತನೆಯ ಮರಳು. ಮರಳಿನಲ್ಲಿ ಹಗುರ ಗೇರಿಗೆ ಮೊದಲೇ ಇಳಿದು, ತೂಕ ಹಿಂದಕ್ಕೆ ಹಾಕಿ, ಹ್ಯಾಂಡಲ್ ಸಡಿಲ ಹಿಡಿದು ಒಂದೇ ಸಮ ತುಳಿಯಬೇಕು. ಮಧ್ಯೆ ನಿಂತರೆ ಮತ್ತೆ ಹೊರಡುವುದು ಕಷ್ಟ. ನೀರಿಗೆ ಮಾತ್ರ ಇಳಿಯಬೇಡಿ. ಕೃಷ್ಣೆಯ ಈ ಹರಿವಿನಲ್ಲಿ ಮೊಸಳೆಗಳಿವೆ. ಮೇಲೆ ಬಸವಸಾಗರದ ಗೇಟು ತೆರೆದರೆ ಇಲ್ಲಿ ಮಳೆಯ ಹನಿಯೂ ಬೀಳದೆ ಹೊಳೆ ಏರುತ್ತದೆ. ಹೊಳೆ ಬಂದಾಗ ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯ ಜನ ಸಂಪರ್ಕ ಕಳೆದುಕೊಂಡು ಪಟ್ಟ ಪಾಡು ಈ ಸೀಮೆಯವರಿಗೆಲ್ಲ ಗೊತ್ತು. ಮಳೆಗಾಲದಲ್ಲಿ ಬಂದರೆ ದಡದ ಹಾದಿ ಬಿಟ್ಟು ಊರ ಮೇಲಿನ ಹಾದಿ ಹಿಡಿಯಿರಿ.

ಸುರಪುರಕ್ಕೆ ಮರಳಿದ ಸಂಜೆಯೇ ಸೈಕಲ್ ತೊಳೆಯಬೇಕು. ಎರಿ ಒಂದು ರಾತ್ರಿ ಒಣಗಿತೆಂದರೆ ಇಟ್ಟಿಗೆಯಾಗುತ್ತದೆ. ಪಂಪ್‌ಸೆಟ್ಟಿನ ರಭಸದ ನೀರು ಬೇಡ, ಅದು ಗಾಲಿ ನಡುವಿನ ಹಬ್ಬಿನ ಒಳಗಿನ ಗ್ರೀಸನ್ನು ತೊಳೆದು ಮಣ್ಣು ತುಂಬುತ್ತದೆ. ಒಂದು ಬಕೆಟ್ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಚೈನನ್ನು ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಕೊಂಡಿಗೊಂದು ಹನಿಯಂತೆ ತೆಳು ಎಣ್ಣೆ ಬಿಟ್ಟು, ಹತ್ತು ನಿಮಿಷ ಬಿಟ್ಟು ಹೊರಗೆ ಉಳಿದ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಹೊರಗೆ ಎಣ್ಣೆ ಉಳಿದರೆ ಮರುದಿನದ ಮಸಾರಿ ಧೂಳು ಅದಕ್ಕಂಟಿ ಅರದಂತೆ ಚೈನನ್ನು ತಿನ್ನುತ್ತದೆ.